ಹದಿನಾಲ್ಕು ಡಬ್ಬಿಯಿಂದ ಮೂರಕ್ಕೆ: ಊಟ, ನಡಿಗೆ, ಸಪ್ಲಿಮೆಂಟ್ ಬಗ್ಗೆ ನನ್ನ ಅನುಭವ

ಬೆವರು ಸುರಿಸದೆ ಸೊಂಟ ಇಳಿಯುವುದಿಲ್ಲ, ಡಬ್ಬಿ ತೋರಿಸದೆ ದುಡ್ಡು ಬರುವುದಿಲ್ಲ. ವೆಲ್‌ನೆಸ್ ವಿಡಿಯೊ ಮಾಡುವ ನಮ್ಮ ಬಳಗದಲ್ಲಿ ಈ ಎರಡು ಮಾತನ್ನು ನನಗೆ ಹೇಳದವರೇ ಇಲ್ಲ. ಓಟ, ಜಿಗಿತ ಎಲ್ಲ ಬಿಟ್ಟು ಊಟ ಆದ ಮೇಲೆ ನಡೆಯುತ್ತೇನೆ, ಕುರ್ಚಿಯಿಂದ ಎದ್ದು ಕೂರುತ್ತೇನೆ ಅಂದಾಗ ಒಬ್ಬರು ನೇರವಾಗಿಯೇ ಕೇಳಿದರು, "ಅಜ್ಜಿಯರಿಗೆ ಕ್ಲಾಸ್ ಶುರು ಮಾಡ್ತೀಯಾ?" ಮಾಡಿದರೂ ತಪ್ಪೇನಿಲ್ಲ ಬಿಡಿ. ಸುಮಾರು ಒಂದೂವರೆ ವರ್ಷ ಆಗಿದೆ. 6ರ ಆಚೀಚೆ ಇದ್ದ ನನ್ನ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ರಕ್ತದ ಸಕ್ಕರೆ) ಈಗ 5.4ರ ಹತ್ತಿರ ಬಂದಿದೆ. ಸೊಂಟ ಮೂರು ಇಂಚಿನಷ್ಟು ಇಳಿದಿದೆ. ತೂಕ ಮಾತ್ರ ನಾಲ್ಕೈದು ಕಿಲೋ ಅಷ್ಟೇ, ಅದರ ಕಥೆ ಮುಂದೆ ಬರುತ್ತದೆ. ಆಗ ನಕ್ಕವರಲ್ಲಿ ಇಬ್ಬರು ಈಗ ತಟ್ಟೆಯ ಫೋಟೊ ಕಳಿಸಿ "ಇದು ಸರಿ ಇದೆಯಾ ನೋಡು" ಅನ್ನುತ್ತಾರೆ. ಬರೆಯುವಾಗ ಸ್ವಲ್ಪ ಜಂಬ ಬಂದರೆ ಸಹಿಸಿಕೊಳ್ಳಿ.

ಇದನ್ನು ಓದುವವರಿಗೆ ಮ್ಯಾಕ್ರೋ ಲೆಕ್ಕ, ಅಂದರೆ ಪ್ರೋಟೀನ್, ಕಾರ್ಬೋಹೈಡ್ರೇಟ್ (ಕಾರ್ಬ್), ಕೊಬ್ಬು ಎಷ್ಟೆಷ್ಟು ಅನ್ನುವುದು, ಗೊತ್ತಿರುತ್ತದೆ. ಮನೆಯಲ್ಲಿ ಅಡುಗೆ ತಕ್ಕಡಿ, ಅಳತೆ ಟೇಪು, ಎರಡು ಮೂರು ರೆಸಿಸ್ಟೆನ್ಸ್ ಬ್ಯಾಂಡು ಇದ್ದೇ ಇರುತ್ತವೆ. ಅದಕ್ಕೇ ಪಾಠ ಮಾಡುವುದಿಲ್ಲ. ಎಲ್ಲಿ ಕೈಕೊಟ್ಟಿತು, ಎಲ್ಲಿ ದುಡ್ಡು ಹೋಯಿತು, ಏನು ಉಳಿಯಿತು, ಅಷ್ಟು ಹೇಳುತ್ತೇನೆ. ಅಂಕಿಗಳೆಲ್ಲ ನೆನಪಿನಿಂದ ಬರೆದದ್ದು, ಅಲ್ಪಸ್ವಲ್ಪ ಹೆಚ್ಚುಕಮ್ಮಿ ಇರಬಹುದು.

ನನ್ನ ಪದ್ಧತಿಯ ತಿರುಳು ಒಂದೇ. ಇದನ್ನು ಒಳ್ಳೆಯ ದಿನಕ್ಕೆ ಅಂತ ಮಾಡಿದ್ದಲ್ಲ, ಕೆಟ್ಟ ದಿನಕ್ಕೆ ಅಂತ ಮಾಡಿದ್ದು. ನಿದ್ದೆ ಕೆಟ್ಟ ದಿನ, ಶೂಟಿಂಗ್ ರಾತ್ರಿವರೆಗೆ ಎಳೆದ ದಿನ, ಮನೆಯಲ್ಲಿ ಯಾರಿಗೋ ಜ್ವರ ಬಂದ ದಿನ. ಅಂಥ ದಿನ ನಿಮ್ಮ ಪ್ಲಾನ್‌ನಲ್ಲಿ ಎಷ್ಟು ಉಳಿಯುತ್ತದೆ? ನನ್ನ ಹಳೆಯ ಪ್ಲಾನ್‌ನಲ್ಲಿ ಸೊನ್ನೆ ಉಳಿಯುತ್ತಿತ್ತು. ಗ್ರಾಂ ಲೆಕ್ಕದ ಊಟ, ವಾರಕ್ಕೆ ಆರು ದಿನ ಹಿಟ್ ವರ್ಕೌಟ್, ಅಂದರೆ ನಡುನಡುವೆ ಸ್ವಲ್ಪವೇ ಬಿಡುವು ಕೊಟ್ಟು ಮಾಡುವ ಬಿರುಸಿನ ಕಸರತ್ತು. ಒಂದು ದಿನ ತಪ್ಪಿದರೆ ಮೂರು ದಿನ ತಪ್ಪುತ್ತಿತ್ತು. ಆಮೇಲೆ ಅದನ್ನು ಸರಿದೂಗಿಸಲು ಎರಡು ಪಟ್ಟು ಮಾಡುವುದು, ಮಂಡಿ ನೋವು, ಮತ್ತೆ ಗ್ಯಾಪ್. ಕ್ಯಾಮೆರಾ ಮುಂದೆ ಮಾತ್ರ ಎಲ್ಲ ಸೂಪರ್.

ಈಗ ನನ್ನ ಕೆಟ್ಟ ದಿನದ ಪಟ್ಟಿ ಹೀಗಿದೆ: ಎರಡು ಮೊಟ್ಟೆ, ಒಂದು ಬಟ್ಟಲು ಮೊಸರು, ಒಂದು ಹಣ್ಣು, ಯಾವುದಾದರೂ ಒಂದು ಊಟದ ನಂತರ ಹತ್ತು ನಿಮಿಷ ನಡಿಗೆ. ಉಳಿದದ್ದು ಏನಾದರೂ ಆಗಲಿ. ಇಷ್ಟು ಆದರೆ ಆ ದಿನಕ್ಕೆ ಟಿಕ್ ಹಾಕುತ್ತೇನೆ. ಇಷ್ಟೇನಾ ಅಂತ ಅನ್ನಿಸುತ್ತದೆ, ಅಲ್ವಾ? ನನಗೂ ಮೊದಮೊದಲು ನಾಚಿಕೆಯಾಗುತ್ತಿತ್ತು. ಆದರೆ ತಿಂಗಳ ಕೊನೆಗೆ ಟಿಕ್ ಇಲ್ಲದ ದಿನ ಹುಡುಕಬೇಕಾಗಿ ಬಂದಾಗ ನಾಚಿಕೆ ಹೋಯಿತು.

ತಟ್ಟೆಯ ವಿಷಯಕ್ಕೆ ಬರುತ್ತೇನೆ. ಅರ್ಧ ತರಕಾರಿ ಹಣ್ಣು, ಕಾಲು ಧಾನ್ಯ, ಕಾಲು ಪ್ರೋಟೀನ್. ಹಾರ್ವರ್ಡ್‌ನವರು 2011ರಲ್ಲಿ ಹೊರತಂದ ಆ ಚಿತ್ರ ನಿಮಗೆಲ್ಲ ಬಾಯಿಪಾಠ. ನಾನೂ ಅದರಿಂದಲೇ ಶುರು ಮಾಡಿದೆ. ಫೋಟೊದಲ್ಲಿ ತಟ್ಟೆ ಚೆಂದ ಕಾಣುತ್ತಿತ್ತು. ಸಂಜೆ ನಾಲ್ಕೂವರೆಗೆ ಮಾತ್ರ ಅಡುಗೆಮನೆಯ ಡಬ್ಬಗಳನ್ನೆಲ್ಲ ತಡಕಾಡುವಷ್ಟು ಹಸಿವು. ಬಾಚಣಿಗೆ ತುಂಬ ಕೂದಲು. ಮೂರು ತಿಂಗಳು ಹೀಗೇ ಹೋಯಿತು. ಒಂದು ವಾರ ತಕ್ಕಡಿ ಹಿಡಿದು ಕೂತಾಗ ಕಾರಣ ಗೊತ್ತಾಯಿತು. ನಾನು ಮೀನು, ಮಾಂಸ ತಿನ್ನುವವಳಲ್ಲ. ನನ್ನ ಕಾಲು ಭಾಗ ಅಂದರೆ ಬೇಳೆ. ಬೇಯಿಸಿದ ಬೇಳೆ 100 ಗ್ರಾಂನಲ್ಲಿ ಪ್ರೋಟೀನ್ ಹೆಚ್ಚೆಂದರೆ 9 ಗ್ರಾಂ, ಕಾರ್ಬ್ 20 ಗ್ರಾಂ. ಅದೂ ಗಟ್ಟಿಯಾಗಿದ್ದರೆ. ನೀರಾಗಿದ್ದರೆ ಇನ್ನೂ ಕಡಿಮೆ. ಅಂದರೆ ನಾನು ಕಾಲು ಪ್ರೋಟೀನ್ ಅಂದುಕೊಂಡದ್ದು ನಿಜವಾಗಿ ಇನ್ನೊಂದು ಕಾಲು ಧಾನ್ಯವೇ ಆಗಿತ್ತು. ದಿನಕ್ಕೆ 40 ಗ್ರಾಂ ಪ್ರೋಟೀನ್ ಕೂಡ ದಾಟುತ್ತಿರಲಿಲ್ಲ.

ಪರಿಹಾರ ಸುಲಭವಾಗಿತ್ತು, ಆದರೆ ಚಿತ್ರ ಕೆಡುತ್ತಿತ್ತು. ಬೇಳೆಯನ್ನು ಧಾನ್ಯದ ಕಾಲು ಭಾಗಕ್ಕೆ ತಳ್ಳಿದೆ. ಅನ್ನ ಅಷ್ಟಕ್ಕಷ್ಟು ಕಡಿಮೆ ಮಾಡಿದೆ. ಖಾಲಿಯಾದ ಕಾಲು ಭಾಗಕ್ಕೆ ಮೊಟ್ಟೆ, ತೋಫು, ಸೋಯಾ ಚಂಕ್ಸ್, ನೀರು ಬಸಿದ ಗಟ್ಟಿ ಮೊಸರು, ಇವುಗಳಲ್ಲಿ ಒಂದು. ಮೊಟ್ಟೆಗೆ 6 ಗ್ರಾಂ. ಮಾಮೂಲಿ ಮೊಸರಿನಲ್ಲಿ ನೂರು ಗ್ರಾಂಗೆ ಮೂರೂವರೆ ಇದ್ದರೆ ಬಸಿದದ್ದರಲ್ಲಿ ಒಂಬತ್ತು ಹತ್ತು ಸಿಗುತ್ತದೆ. ಸೋಯಾ ಚಂಕ್ಸ್ ಒಣಗಿದ್ದಾಗ 50ರ ಮೇಲೆ. ದಿನಕ್ಕೆ 70 ಗ್ರಾಂ ಮುಟ್ಟಿದ ಮೇಲೆ ಸಂಜೆಯ ಹಸಿವು ಎರಡು ವಾರದಲ್ಲಿ ಇಳಿಯಿತು. ಕೂದಲಿಗೆ ಜಾಸ್ತಿ ಟೈಮ್ ಬೇಕಾಯಿತು, ಅದಕ್ಕೆ ಬೇರೆ ಕಾರಣವೂ ಇತ್ತು. ಬೆಳಗಿನ ತಿಂಡಿಗೆ ನಾನೇ ಬೆರೆಸಿಕೊಂಡ ಒಂದು ಪುಡಿ ಇದೆ, ಐದು ಪದಾರ್ಥ. ಯಾವುದು ಎಷ್ಟು ಅಂತ ಮಾತ್ರ ಕೇಳಬೇಡಿ. ಅದು ನನ್ನ ಹತ್ತಿರವೇ ಇರಲಿ.

ನಾರಿನ ವಿಷಯದಲ್ಲಿ ಆದದ್ದು ನೆನೆಸಿಕೊಂಡರೆ ಈಗ ನಗು ಬರುತ್ತದೆ. ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು ಅಂತ ಒಂದೇ ವಾರದಲ್ಲಿ ಕಾಳು, ಸೊಪ್ಪು, ಓಟ್ಸ್, ಮೇಲೆ ಇಸಬ್‌ಗೋಲ್, ಎಲ್ಲ ಒಟ್ಟಿಗೆ ಹೊಟ್ಟೆಗೆ ಹಾಕಿದೆ. ಹೊಟ್ಟೆ ಡೋಲು. ಅದೇ ವಾರ "ಹೊಟ್ಟೆ ಹಗುರವಾಗಿಡುವುದು ಹೇಗೆ" ಅನ್ನುವ ವಿಡಿಯೊ ಶೂಟ್ ಇತ್ತು. ಎದೆಯ ಮಟ್ಟಕ್ಕೆ ಫ್ರೇಮ್ ಕಟ್ ಮಾಡಿ ಮುಗಿಸಿದೆವು. ಆಮೇಲೆ ವಾರಕ್ಕೆ ಐದೇ ಗ್ರಾಂ ಏರಿಸುತ್ತಾ ಹೋದೆ. ಕಾಳು ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸುವುದು. ಇಸಬ್‌ಗೋಲ್‌ಗೆ ದೊಡ್ಡ ಲೋಟ ನೀರು, ಮಾತ್ರೆಗಳಿಗೂ ಅದಕ್ಕೂ ಎರಡು ಗಂಟೆ ಅಂತರ. ತಿಂಗಳೊಳಗೆ ಹೊಟ್ಟೆ ಒಗ್ಗಿಕೊಂಡಿತು. ಈಗ ಇಸಬ್‌ಗೋಲ್ ಪ್ರಯಾಣದ ದಿನಕ್ಕೆ ಮಾತ್ರ.

ಉಪ್ಪು, ಸಕ್ಕರೆ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ 5 ಗ್ರಾಂ ಉಪ್ಪಿನ ಮಿತಿಗೆ ನಾನು ಇನ್ನೂ ಇಳಿದಿಲ್ಲ, ಹತ್ತಿರ ಇದ್ದೇನೆ. ಕಾಫಿಗೆ ಸಕ್ಕರೆ ಅರ್ಧ ಚಮಚ ಹಾಕುತ್ತೇನೆ. ಅದನ್ನು ಬಿಡುವ ಯೋಚನೆಯೂ ಇಲ್ಲ.

ಈ ನಡುವೆ ಒಂದು ಅಡ್ಡದಾರಿ ಹಿಡಿದೆ. ತೋಳಿಗೆ ಅಂಟಿಸುವ ಗ್ಲೂಕೋಸ್ ಸೆನ್ಸರ್. ಎರಡು ವಾರ ನಡೆಯುವ ಒಂದೇ ಒಂದು ಸೆನ್ಸರ್‌ಗೆ ನಮ್ಮ ಮನೆಯ ತಿಂಗಳ ತರಕಾರಿ ದುಡ್ಡು ಪೂರ್ತಿ ಹೋಯಿತು. ಆದರೂ ಎರಡು ತರಿಸಿದೆ. ಕುತೂಹಲಕ್ಕೆ ಮದ್ದಿಲ್ಲ. ಊಟದ ಕ್ರಮ ಬದಲಿಸಿದರೆ ಸಕ್ಕರೆ ಏರುವುದು ತಗ್ಗುತ್ತದೆ ಅಂತ 2015ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರ ಒಂದು ಅಧ್ಯಯನ ಬಂದಿತ್ತಲ್ಲ. ತರಕಾರಿ, ಪ್ರೋಟೀನ್ ಮೊದಲು, ಕಾರ್ಬ್ ಕೊನೆಗೆ. ಅದರಲ್ಲಿ ಇದ್ದವರು ಬರೀ 11 ಜನ, ಎಲ್ಲರೂ ಟೈಪ್ 2 ಮಧುಮೇಹದವರು. ಒಂದು ಗಂಟೆಯ ಹೊತ್ತಿಗೆ ಗ್ಲೂಕೋಸ್ 37% ಕಡಿಮೆ ಇತ್ತು. ಇಷ್ಟು ಸಣ್ಣ ಅಧ್ಯಯನವನ್ನು ಹಿಡಿದು ನಮ್ಮವರು ಎಷ್ಟು ವಿಡಿಯೊ ಮಾಡಿದರು, ದೇವರೇ! ನಾನು ನನ್ನ ಮೇಲೇ ನೋಡೋಣ ಅಂತ ಒಂದೇ ಅಳತೆಯ ಅನ್ನ, ಪಲ್ಯ, ಮೊಟ್ಟೆಯನ್ನು ಬೇರೆ ಬೇರೆ ದಿನ ಹಿಂದುಮುಂದಾಗಿ ತಿಂದೆ. ಅನ್ನ ಕೊನೆಗೆ ತಿಂದ ದಿನ ಗ್ಲೂಕೋಸ್ ಏರಿದ ತುದಿ 30 ಅಂಕಿಯಷ್ಟು ಕೆಳಗೆ ಇತ್ತು. ಹೆಚ್ಚುಕಮ್ಮಿ ಪ್ರತಿ ಸಲವೂ. ಆ ಅಭ್ಯಾಸ ಹಾಗೇ ಉಳಿಯಿತು. ದುಡ್ಡೂ ಬೇಡ, ಕಷ್ಟವೂ ಇಲ್ಲ.

ಸೆನ್ಸರ್ ಹಾಕುವವರಿಗೆ ಒಂದು ಮಾತು. ಎರಡನೇ ರಾತ್ರಿ ಮೂರು ಗಂಟೆಗೆ ಅದು ಕಿರುಚಿಕೊಂಡಿತು, ಗ್ಲೂಕೋಸ್ ತೀರಾ ಕಡಿಮೆ, 55 ತೋರಿಸುತ್ತಿತ್ತು. ಗಾಬರಿಯಾಗಿ ಬೆರಳು ಚುಚ್ಚಿ ನೋಡಿದರೆ 90ರ ಮೇಲೆ. ಆ ತೋಳಿನ ಮೇಲೆ ಮಲಗಿದ್ದೆ, ಅಷ್ಟೇ. ಒತ್ತಡ ಬಿದ್ದರೆ ಅದು ಸುಳ್ಳು ಹೇಳುತ್ತದೆ. ಇನ್ನೊಂದು, ನಿದ್ದೆಗೆಟ್ಟ ಮರುದಿನ ಅದೇ ತಿಂಡಿಗೆ ಏರಿಕೆ ಜಾಸ್ತಿ. ಇದನ್ನು ಕಣ್ಣಾರೆ ನೋಡಿದ ಮೇಲೆ ರಾತ್ರಿ ಎಡಿಟಿಂಗ್ ಬಿಟ್ಟೆ. ಊಟಕ್ಕೆ ಮುಂಚೆ ವಿನೆಗರ್ ಕುಡಿಯುವುದನ್ನೂ ಪ್ರಯತ್ನಿಸಿದೆ. ಗ್ರಾಫಿನಲ್ಲಿ ಅಲ್ಪ ಬದಲಾವಣೆ, ಗಂಟಲಲ್ಲಿ ಭಾರಿ ಉರಿ. ಹಲ್ಲಿನ ಎನಾಮಲ್‌ಗೂ ಒಳ್ಳೆಯದಲ್ಲ. ಬಾಟಲಿ ಈಗ ನಲ್ಲಿಯ ಕಲೆ ತೆಗೆಯಲು.

ವ್ಯಾಯಾಮದ ಬಗ್ಗೆ ಜನ ಜಾಸ್ತಿ ಅನುಮಾನ ಪಟ್ಟದ್ದು ನಡಿಗೆಯ ವಿಷಯದಲ್ಲಿ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಇಲ್ಲ ಅಂದರೆ ಲೆಕ್ಕಕ್ಕೇ ಇಲ್ಲ ಅನ್ನುವವರಿದ್ದಾರೆ. ಆ ಹತ್ತು ಸಾವಿರ ಬಂದದ್ದು 1965ರಲ್ಲಿ ಜಪಾನಿನ ಒಂದು ಕಂಪನಿ ಮಾರಿದ ಪೆಡೋಮೀಟರ್‌ನ ಹೆಸರಿನಿಂದ.  ನನ್ನದು ಏಳು, ಏಳೂವರೆ ಸಾವಿರ. ಮುಖ್ಯ ಅಂದರೆ ಅದು ಯಾವಾಗ ಆಗುತ್ತದೆ ಅನ್ನುವುದು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಟೈಪ್ 2 ಮಧುಮೇಹದ 41 ಜನರ ಮೇಲೆ ನೋಡಿದರು. ದಿನದಲ್ಲಿ ಯಾವಾಗಲಾದರೂ 30 ನಿಮಿಷ ನಡೆಯುವುದಕ್ಕಿಂತ, ಮೂರು ಊಟದ ನಂತರ ಹತ್ತತ್ತು ನಿಮಿಷ ನಡೆದಾಗ ಊಟದ ಬಳಿಕದ ಸಕ್ಕರೆ 12% ಕಡಿಮೆ ಇತ್ತು. ರಾತ್ರಿ ಊಟದ ನಂತರ 22%. ನನ್ನ ಸೆನ್ಸರ್‌ನಲ್ಲೂ ರಾತ್ರಿಯದ್ದೇ ಎದ್ದು ಕಂಡಿತು. ಅದಕ್ಕೇ ನನ್ನ ಕೆಟ್ಟ ದಿನದ ಹತ್ತು ನಿಮಿಷ ಸಾಮಾನ್ಯವಾಗಿ ರಾತ್ರಿಯದ್ದು. ಫೋನ್ ಮಾತು ಎಲ್ಲ ಆಗ ಇಟ್ಟುಕೊಳ್ಳುತ್ತೇನೆ. ಮನೆಯೊಳಗೇ ಕೋಣೆಯಿಂದ ಕೋಣೆಗೆ. ಸುಮ್ನೆ ಓಡಾಡಿದ ಹಾಗೆ ಕಾಣುತ್ತದೆ, ಯಾರೂ ವ್ಯಾಯಾಮ ಅನ್ನುವುದಿಲ್ಲ.

ವಾರಕ್ಕೆ ಎರಡು ದಿನ ಶಕ್ತಿ ವ್ಯಾಯಾಮ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲಿ ವಾರಕ್ಕೆ 150ರಿಂದ 300 ನಿಮಿಷ ನಡಿಗೆಯಂಥ ಚಟುವಟಿಕೆಯ ಜೊತೆಗೆ ಈ ಎರಡು ದಿನವೂ ಇದೆ. ನಮ್ಮಲ್ಲಿ ನಡಿಗೆಯವರು ಇದನ್ನು ಬಿಡುತ್ತಾರೆ, ಜಿಮ್‌ನವರು ಅದನ್ನು ಬಿಡುತ್ತಾರೆ. ನಾನು ಮಾಡುವುದು ನಾಲ್ಕೇ: ಕುರ್ಚಿಯಿಂದ ಏಳುವುದು, ಗೋಡೆ ಪುಶ್‌ಅಪ್, ಬ್ಯಾಂಡ್ ಎಳೆಯುವುದು, ಮಲಗಿ ಸೊಂಟ ಎತ್ತುವುದು. ಇಪ್ಪತ್ತೈದು ನಿಮಿಷ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಏದುಸಿರು ಸಾಕು.

ಮೆತ್ತಗೆ ಅಂದರೆ ಸುಲಭ ಅಂತ ಅಲ್ಲ. ಕುರ್ಚಿಯದ್ದನ್ನೇ ತೆಗೆದುಕೊಳ್ಳಿ. ಕೈ ಎದೆಗೆ ಕಟ್ಟಿ, ನಾಲ್ಕು ಎಣಿಸುತ್ತಾ ಕೆಳಗೆ ಇಳಿಯಬೇಕು. ಒಂದು, ಎರಡು, ಮೂರರವರೆಗೆ ಎಲ್ಲ ಚೆನ್ನಾಗಿರುತ್ತದೆ. ಸೀಟಿಗೆ ಇನ್ನು ನಾಲ್ಕು ಬೆರಳು ಇದೆ ಅನ್ನುವಾಗ ತೊಡೆ ನಡುಗಿ ದೊಪ್ ಅಂತ ಬೀಳುತ್ತೀರಿ. ಆ ನಾಲ್ಕು ಬೆರಳಿನ ಜಾಗದಲ್ಲೇ ಕೆಲಸ ಇರುವುದು. ನನಗೆ ಆ ದೊಪ್ ನಿಲ್ಲಲು ಎರಡು ತಿಂಗಳು ಹಿಡಿಯಿತು. ಕುರ್ಚಿಯ ಮೇಲೆ ಒಂದು ದಿಂಬು ಹಾಕಿ ಎತ್ತರ ಮಾಡಿಕೊಂಡೆ. ಸದ್ದಾಗದೆ ಹತ್ತು ಸಲ ಕೂರಲು ಬಂದ ಮೇಲೆ ತೆಳುವಾದ ದಿಂಬು, ಆಮೇಲೆ ದಿಂಬೇ ಇಲ್ಲ. ಆಮೇಲೆ ಒಂದು ಕಾಲಿಗೆ ಜಾಸ್ತಿ ಭಾರ. ಈಗ ಒಂದೇ ಕಾಲಲ್ಲಿ ಎದ್ದು ಕೂರುತ್ತೇನೆ, ಎಡಕ್ಕೆ ಐದು, ಬಲಕ್ಕೆ ಐದು. ಅಜ್ಜಿಯರ ಕ್ಲಾಸ್ ಅಂದಿದ್ದರಲ್ಲ, ಅವರನ್ನು ಮನೆಗೆ ಕರೆದು ಅದೇ ಕುರ್ಚಿ ಕೊಟ್ಟೆ. ಡೆಡ್‌ಲಿಫ್ಟ್‌ನಲ್ಲಿ ತನ್ನ ಮೈತೂಕಕ್ಕಿಂತ ಜಾಸ್ತಿ ಎತ್ತುವವರು. ಎರಡನೆಯದಕ್ಕೆ ದೊಪ್. ಇದರ ವಿಡಿಯೊ ಹಾಕಬೇಡ ಅಂತ ಆಣೆ ಹಾಕಿಸಿಕೊಂಡರು.

ಇನ್ನು ಡಬ್ಬಿಗಳು. ಒಂದು ಕಾಲಕ್ಕೆ ನನ್ನ ಕಪಾಟಿನಲ್ಲಿ ಹದಿನಾಲ್ಕು ಇದ್ದವು. ಮಲ್ಟಿವಿಟಮಿನ್, ಡಿ, ಬಿ12, ಕಬ್ಬಿಣ, ಮೆಗ್ನೀಸಿಯಂ, ಒಮೆಗಾ 3, ಕೊಲಾಜನ್, ಬಯೋಟಿನ್ ಗಮ್ಮಿ, ಗ್ರೀನ್ ಟೀ ಎಕ್ಸ್‌ಟ್ರ್ಯಾಕ್ಟ್, ಪ್ರೋಬಯಾಟಿಕ್, ಹೆಸರೇ ಮರೆತ ಎರಡು ಹಸಿರು ಪುಡಿ, ಹೀಗೆ. ಅರ್ಧ ಬಂದದ್ದು ಪ್ರಾಯೋಜಕರಿಂದ, ಪುಕ್ಕಟೆ. ಉಳಿದ ಅರ್ಧಕ್ಕೆ ನಾನೇ ಕೊಡುತ್ತಿದ್ದ ದುಡ್ಡು ಹಣ್ಣು ತರಕಾರಿಯ ಖರ್ಚಿಗಿಂತ ಜಾಸ್ತಿ ಇತ್ತು. ನನ್ನ ಆದಾಯದ ನೂರಕ್ಕೆ ನಲವತ್ತರಷ್ಟು ಇದೇ ಡಬ್ಬಿಗಳನ್ನು ವಿಡಿಯೊದಲ್ಲಿ ತೋರಿಸಿ ಬರುತ್ತಿತ್ತು. ಅದಕ್ಕೇ ಯಾವುದನ್ನು ಬಿಡಬೇಕು ಅನ್ನುವ ಪ್ರಶ್ನೆ ಆರೋಗ್ಯದ್ದು ಮಾತ್ರ ಆಗಿರಲಿಲ್ಲ.

ಮೊದಲು ಹೋದದ್ದು ಬಯೋಟಿನ್, ಕೂದಲಿಗೆ ಅಂತ ಮಾರುವ ಒಂದು ಬಿ ವಿಟಮಿನ್. ವಾರ್ಷಿಕ ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ ತೀರಾ ಕೆಳಗೆ, ಟಿ4 ಮೇಲೆ. ಥೈರಾಯ್ಡ್ ಜಾಸ್ತಿ ಕೆಲಸ ಮಾಡುತ್ತಿದೆ ಅನ್ನುವ ಚಿತ್ರ. ಆದರೆ ನನಗೆ ನಡುಕ ಇಲ್ಲ, ಎದೆಬಡಿತ ಇಲ್ಲ, ತೂಕ ಇಳಿದಿಲ್ಲ. ಡಾಕ್ಟರು ಮಾತ್ರೆ ಬರೆಯುವ ಮುಂಚೆ "ಕೂದಲಿಗೆ ಏನಾದರೂ ತಗೋತೀರಾ?" ಅಂದರು. ಪುಣ್ಯಾತ್ಮರು. ಬಯೋಟಿನ್ ದಿನಕ್ಕೆ ಬೇಕಾದದ್ದು 30 ಮೈಕ್ರೋಗ್ರಾಂ. ನನ್ನ ಗಮ್ಮಿಯಲ್ಲಿ 5,000. ಥೈರಾಯ್ಡ್ ಪರೀಕ್ಷೆಯ ಕೆಲವು ಕಿಟ್‌ಗಳು ಬಯೋಟಿನ್ ಅಂಟುವ ಗುಣವನ್ನೇ ಬಳಸಿ ಅಳೆಯುತ್ತವೆ. ರಕ್ತದಲ್ಲಿ ಅದು ತುಂಬಿಕೊಂಡಿದ್ದರೆ ಅಳತೆ ಎಡವುತ್ತದೆ. ಹೃದಯಾಘಾತ ಪತ್ತೆಗೆ ಮಾಡುವ ಟ್ರೋಪೋನಿನ್ ಪರೀಕ್ಷೆಯೂ ಹೀಗೆ ತಪ್ಪಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ಗಮ್ಮಿ ನಿಲ್ಲಿಸಿ ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿದೆ. ಎಲ್ಲ ನಾರ್ಮಲ್. ಕೂದಲಿನ ನಿಜವಾದ ಕಾರಣವೂ ಅದೇ ವರದಿಯಲ್ಲಿತ್ತು: ಫೆರಿಟಿನ್, ಅಂದರೆ ದೇಹದಲ್ಲಿರುವ ಕಬ್ಬಿಣದ ದಾಸ್ತಾನು, 12ರ ಹತ್ತಿರಕ್ಕೆ ಇಳಿದಿತ್ತು. ಹಿಂದೆ ಹೇಳಿದೆನಲ್ಲ, ಬರೀ ಪ್ರೋಟೀನ್‌ನಿಂದ ಕೂದಲು ನಿಲ್ಲಲಿಲ್ಲ ಅಂತ, ಇದಕ್ಕೇ.

ಕಬ್ಬಿಣವನ್ನು ಶುರುವಿಗೆ ದಿನಾ ತಗೊಂಡೆ. ಹೊಟ್ಟೆ ಕಟ್ಟಿತು, ವಾಕರಿಕೆ. ಬಿಟ್ಟೆ. ಎರಡನೇ ಸಲ ಡಾಕ್ಟರನ್ನು ಕೇಳಿ ದಿನ ಬಿಟ್ಟು ದಿನ ಮಾಡಿಕೊಂಡೆ. ಇದಕ್ಕೆ ಆಧಾರ ಇದೆ. ಒಂದು ಡೋಸ್ ತಗೊಂಡ ಮೇಲೆ ಹೆಪ್ಸಿಡಿನ್ ಅನ್ನುವ ಹಾರ್ಮೋನ್ ಏರಿ, ಮರುದಿನದ ಡೋಸ್‌ಗೆ ಬಾಗಿಲು ಅರ್ಧ ಮುಚ್ಚುತ್ತದೆ. ಕಬ್ಬಿಣ ಕಡಿಮೆ ಇದ್ದ ಹೆಂಗಸರಲ್ಲಿ ದಿನ ಬಿಟ್ಟು ದಿನ ಕೊಟ್ಟಾಗ ಹೀರಿಕೆ ಹೆಚ್ಚಾದದ್ದನ್ನು 2017ರ ಅಧ್ಯಯನ ತೋರಿಸಿದೆ. ಬೆಳಿಗ್ಗೆ ಎದ್ದ ಕೂಡಲೇ, ಒಂದು ಕಿತ್ತಳೆ ಹಣ್ಣಿನ ಜೊತೆ. ಕಾಫಿ ಒಂದು ಗಂಟೆಯ ನಂತರ. ಈ ಒಂದು ಗಂಟೆ ಕಾಯುವುದೇ ಇಡೀ ಕಾರ್ಯಕ್ರಮದಲ್ಲಿ ನನಗೆ ಕಷ್ಟವಾದದ್ದು, ನಗಬೇಡಿ. ಏಳೆಂಟು ತಿಂಗಳಲ್ಲಿ ಫೆರಿಟಿನ್ 50 ದಾಟಿತು. ನಿಲ್ಲಿಸಿದೆ. ಕಬ್ಬಿಣ ಸುಮ್ನೆ ಮುಂದುವರಿಸುವ ಸಾಮಾನಲ್ಲ, ಜಾಸ್ತಿಯಾದರೆ ದೇಹಕ್ಕೆ ಹೊರಹಾಕುವ ದಾರಿ ಇಲ್ಲ.

ಗ್ರೀನ್ ಟೀ ಎಕ್ಸ್‌ಟ್ರ್ಯಾಕ್ಟ್ ಕಥೆ ಸ್ವಲ್ಪ ಗಂಭೀರ. ಎಎಲ್‌ಟಿ, ಅಂದರೆ ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎನ್ಜೈಮ್, ಎರಡು ಪಟ್ಟಾಗಿತ್ತು. ಚಹಾ ಕುಡಿದರೆ ಏನೂ ಆಗುವುದಿಲ್ಲ. ಅದರ ಸಾರವನ್ನು ಮಾತ್ರೆಯಲ್ಲಿ ತುಂಬಿದಾಗ ಬೇರೆ. ದಿನಕ್ಕೆ 800 ಮಿಲಿಗ್ರಾಂ ಇಜಿಸಿಜಿ (ಗ್ರೀನ್ ಟೀ ಸಾರದ ಮುಖ್ಯ ಅಂಶ) ಅಥವಾ ಅದಕ್ಕಿಂತ ಜಾಸ್ತಿ ಸಪ್ಲಿಮೆಂಟ್ ರೂಪದಲ್ಲಿ ತಗೊಂಡರೆ ಲಿವರ್ ಎನ್ಜೈಮ್ ಏರುತ್ತದೆ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಹೇಳಿದೆ. ನನ್ನ ಡಬ್ಬಿಯಲ್ಲಿ ಎಷ್ಟಿತ್ತು? ಗೊತ್ತಾಗಲೇ ಇಲ್ಲ. ಲೇಬಲ್‌ನಲ್ಲಿ "ಪ್ರೊಪ್ರೈಟರಿ ಬ್ಲೆಂಡ್" ಅಂತ ಒಂದೇ ಒಂದು ಮೊತ್ತ. ಒಳಗೆ ಯಾವುದು ಎಷ್ಟು ಅಂತ ಇಲ್ಲ. ಕಂಪನಿಗೆ ಬರೆದು ಕೇಳಿದರೆ "ವ್ಯಾಪಾರ ರಹಸ್ಯ" ಅಂದರು. ನಿಲ್ಲಿಸಿದ ಎರಡು ತಿಂಗಳಲ್ಲಿ ಎಎಲ್‌ಟಿ ಇಳಿಯಿತು. ಈ ವಿಷಯ ವಿಡಿಯೊದಲ್ಲಿ ಹೇಳುತ್ತೇನೆ ಅಂದೆ, ಕಂಪನಿಯ ಹೆಸರು ಹೇಳದೆ. ಅಷ್ಟಕ್ಕೇ ಹಿಂದಿನ ಮೂರು ವಿಡಿಯೊಗಳ ದುಡ್ಡು ತಡೆಹಿಡಿದರು. ಅದು ಇವತ್ತಿಗೂ ಬಂದಿಲ್ಲ.

ಮಿಕ್ಕವು ಬೇಗ ಹೋದವು. ಕೊಲಾಜನ್‌ನಲ್ಲಿ ಟ್ರಿಪ್ಟೊಫ್ಯಾನ್, ಅಂದರೆ ಊಟದಿಂದಲೇ ಸಿಗಬೇಕಾದ ಒಂದು ಅಮೈನೋ ಆಮ್ಲ, ಇಲ್ಲ, ಪ್ರೋಟೀನ್ ಲೆಕ್ಕಕ್ಕೆ ಅದನ್ನು ಸೇರಿಸುವುದೇ ತಪ್ಪು. ಅದೇ ದುಡ್ಡಿಗೆ ಬರುವ ಮೊಟ್ಟೆ ಎಣಿಸಿದರೆ ಹೊಟ್ಟೆ ಉರಿಯುತ್ತದೆ. ಮೆಗ್ನೀಸಿಯಂ ಸಿಟ್ರೇಟ್‌ನಿಂದ ಬಾತ್‌ರೂಮಿಗೆ ಓಡಿದೆ, ಅದರದ್ದೇ ಇನ್ನೊಂದು ರೂಪ ಗ್ಲೈಸಿನೇಟ್‌ನಿಂದ ನಿದ್ದೆಯಲ್ಲಿ ನನಗೆ ಏನೂ ಕಾಣಲಿಲ್ಲ. ಮಧ್ಯಾಹ್ನದ ಮೇಲೆ ಕಾಫಿ ಬಿಟ್ಟದ್ದೇ ನಿದ್ದೆಗೆ ಜಾಸ್ತಿ ಕೆಲಸ ಮಾಡಿತು. ಒಮೆಗಾ 3 ಬಿಡಲು ಮನಸ್ಸು ಬರಲಿಲ್ಲ, ಅದು ದುಬಾರಿ ಪಾಚಿ ಎಣ್ಣೆ ಬೇರೆ. ಆದರೆ ಅಮೆರಿಕದ ವೈಟಲ್ ಪ್ರಯೋಗ ಇದೆಯಲ್ಲ, 25,871 ಜನ, 2018ರಲ್ಲಿ ಫಲಿತಾಂಶ ಬಂದದ್ದು. ಆರೋಗ್ಯವಾಗಿದ್ದ ಜನರಿಗೆ ದಿನಕ್ಕೆ 1 ಗ್ರಾಂ ಒಮೆಗಾ 3 ಕೊಟ್ಟರೂ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಸೇರಿಸಿ ನೋಡಿದಾಗ ಒಟ್ಟು ಲೆಕ್ಕ ಇಳಿಯಲಿಲ್ಲ. ಅದರಲ್ಲೇ 2000 ಐಯು ವಿಟಮಿನ್ ಡಿ ಕೂಡ ಪರೀಕ್ಷಿಸಿದ್ದರು, ಕ್ಯಾನ್ಸರ್ ಬರುವುದನ್ನಾಗಲಿ ಹೃದಯದ ತೊಂದರೆಯನ್ನಾಗಲಿ ಅದು ತಡೆಯಲಿಲ್ಲ. ಮಗ್ಗುಲಲ್ಲೇ ಅಗಸೆ ಬೀಜ, ವಾಲ್‌ನಟ್ ಇಟ್ಟುಕೊಂಡು ಎಣ್ಣೆ ಬಿಟ್ಟೆ.

ಹಾಗಾದರೆ ಡಿ ಯಾಕೆ ಇಟ್ಟುಕೊಂಡೆ? ಕೊರತೆ ಇತ್ತು ಅಂತ. ನನ್ನ ಮಟ್ಟ 16 ಇತ್ತು, 20ರ ಕೆಳಗೆ ಕೊರತೆ. ದಿನವಿಡೀ ಒಳಗೇ ರಿಂಗ್ ಲೈಟ್ ಮುಂದೆ ಕೂತವಳಿಗೆ ಇನ್ನೇನಾಗುತ್ತದೆ. ಕೊರತೆ ಇದ್ದವರಿಗೆ ತುಂಬಿಸುವುದು ಬೇರೆ, ಸಾಕಷ್ಟು ಇದ್ದವರಿಗೆ ಸುರಿಯುವುದು ಬೇರೆ. ಎಣ್ಣೆಯಂಶ ಇರುವ ಊಟದ ಜೊತೆಗೇ ತಗೊಳ್ಳುತ್ತೇನೆ. ಖಾಲಿ ಹೊಟ್ಟೆಗೆ ನುಂಗುತ್ತಿದ್ದ ಕಾಲದಲ್ಲಿ ಮಟ್ಟ ಮೇಲೇಳಲೇ ಇಲ್ಲ. ಊಟದ ಜೊತೆಗೆ ಬದಲಿಸಿದ ಮೂರು ತಿಂಗಳಲ್ಲಿ 30 ದಾಟಿತು. ಈಗ ಸಣ್ಣ ಡೋಸ್, ದಿನಕ್ಕೆ 4000 ಐಯು ಅನ್ನುವ ಮೇಲ್ಮಿತಿಗಿಂತ ಎಷ್ಟೋ ಕೆಳಗೆ. ನಮ್ಮಲ್ಲೇ ಒಬ್ಬರು ಪರೀಕ್ಷೆ ಇಲ್ಲದೆ ದೊಡ್ಡ ಡೋಸ್ ತಿಂಗಳುಗಟ್ಟಲೆ ತಗೊಂಡು ಕ್ಯಾಲ್ಸಿಯಂ ಏರಿ ಆಸ್ಪತ್ರೆ ಸೇರಿದ್ದರು. ಬಿಸಿಲು ಜಾಸ್ತಿಯಾಗಿ ಡಿ ವಿಷವಾಗುವುದಿಲ್ಲ, ಮಾತ್ರೆಯಿಂದ ಆಗುತ್ತದೆ.

ಎರಡನೆಯದು ಬಿ12. ಮಾಂಸ ತಿನ್ನದವರು ತರ್ಕ ಮಾಡದೆ ಪರೀಕ್ಷೆ ಮಾಡಿಸಿ. ದಿನದ ಅಗತ್ಯ 2.4 ಮೈಕ್ರೋಗ್ರಾಂ ಅಷ್ಟೇ, ಆದರೆ ಅದು ಸೊಪ್ಪು ಕಾಳಿನಲ್ಲಿ ಇಲ್ಲ. ಮಧುಮೇಹದ ಮಾತ್ರೆ ಮೆಟ್‌ಫಾರ್ಮಿನ್ ತಗೊಳ್ಳುವವರಲ್ಲಿ ಇನ್ನೂ ಇಳಿಯಬಹುದು. ಬೆಲೆಯಲ್ಲಿ ಇದೇ ಎಲ್ಲಕ್ಕಿಂತ ಅಗ್ಗ, ಅದಕ್ಕೇ ಇರಬೇಕು ಯಾರೂ ಇದಕ್ಕೆ ಜಾಹೀರಾತು ಮಾಡಿಸುವುದಿಲ್ಲ.

ಮೂರನೆಯದು ಕ್ರಿಯಾಟಿನ್ ಮೊನೊಹೈಡ್ರೇಟ್, ಸ್ನಾಯುವಿನ ಶಕ್ತಿಗೆ ನೆರವಾಗುವ ಪುಡಿ, ದಿನಕ್ಕೆ 3 ಗ್ರಾಂ. ಇದಕ್ಕೆ ನಕ್ಕವರು ಇನ್ನೂ ಜಾಸ್ತಿ. "ಕುರ್ಚಿಯಲ್ಲಿ ಎದ್ದು ಕೂರಲು ಬಾಡಿಬಿಲ್ಡರ್ ಪುಡಿನಾ?" ಹೌದು. ಮಾಂಸ ತಿನ್ನದವರಲ್ಲಿ ಸ್ನಾಯುವಿನ ಕ್ರಿಯಾಟಿನ್ ಮೊದಲೇ ಕಡಿಮೆ ಇರುತ್ತದೆ, ನಮಗೆ ಲಾಭ ಹೆಚ್ಚು. ಮೊದಲ ವಾರಗಳಲ್ಲಿ ತೂಕ ಒಂದು ಕಿಲೋ ಮೇಲೆ ಹೋಯಿತು. ಸ್ನಾಯುವಿನಲ್ಲಿ ನೀರು. ಆಮೇಲೆ ಸ್ನಾಯುವೂ ಸ್ವಲ್ಪ ಸೇರಿತು. ಸೊಂಟ ಮೂರು ಇಂಚು ಇಳಿದರೂ ತೂಕ ನಾಲ್ಕೈದೇ ಕಿಲೋ ಅಂದೆನಲ್ಲ, ಕಾರಣ ಇದು. ಅದಕ್ಕೇ ತಕ್ಕಡಿಯನ್ನು ಮಂಚದ ಕೆಳಗೆ ತಳ್ಳಿ ಟೇಪ್ ಹಿಡಿದೆ. ಇನ್ನೊಂದು ತಮಾಷೆ. ಮುಂದಿನ ರಕ್ತ ಪರೀಕ್ಷೆಯಲ್ಲಿ, ಕಿಡ್ನಿ ಹೇಗಿದೆ ಅಂತ ನೋಡಲು ಅಳೆಯುವ ಕ್ರಿಯಾಟಿನಿನ್ ಗೆರೆಗಿಂತ ಸ್ವಲ್ಪ ಮೇಲೆ. ಮನೆಯವರೆಲ್ಲ ಕಿಡ್ನಿ ಹೋಯಿತು ಅಂತ ಮುಖ ಸಣ್ಣ ಮಾಡಿಕೊಂಡರು. ಕ್ರಿಯಾಟಿನ್ ಒಡೆದರೆ ಆಗುವುದೇ ಕ್ರಿಯಾಟಿನಿನ್, ಪುಡಿ ತಗೊಂಡರೆ ಅದು ಅಲ್ಪ ಏರುವುದು ಸಹಜ. ಡಾಕ್ಟರು ಸಿಸ್ಟಾಟಿನ್ ಸಿ ಅನ್ನುವ ಇನ್ನೊಂದು ಕಿಡ್ನಿ ಪರೀಕ್ಷೆ ಮಾಡಿಸಿದರು, ಸರಿಯಾಗಿತ್ತು. ಕಿಡ್ನಿ ತೊಂದರೆ ಮೊದಲೇ ಇರುವವರು ಮಾತ್ರ ನನ್ನ ಮಾತು ಕೇಳಿ ಶುರು ಮಾಡಬೇಡಿ, ನಿಮ್ಮ ಡಾಕ್ಟರ ಮಾತು ಕೇಳಿ.

ದುಡ್ಡಿನ ಲೆಕ್ಕ ಹೀಗಾಯಿತು. ಪ್ರಾಯೋಜಕರನ್ನು ಬಿಟ್ಟ ವರ್ಷ ಆ ನಲವತ್ತು ಪಾಲು ಪೂರ್ತಿ ಹೋಯಿತು. ಉಳಿತಾಯಕ್ಕೆ ಕೈ ಹಾಕಬೇಕಾಯಿತು, ಹೊಸ ಕ್ಯಾಮೆರಾ ಮುಂದಕ್ಕೆ ಹೋಯಿತು. ಖರ್ಚಿನ ಕಡೆ ಡಬ್ಬಿಗಳದ್ದು ಐದರಲ್ಲಿ ಒಂದು ಪಾಲಿಗೆ ಇಳಿಯಿತು. ಮಿಕ್ಕಿದ್ದರಲ್ಲಿ ಅರ್ಧ ಮೊಟ್ಟೆ, ತೋಫು, ಹಣ್ಣಿಗೆ, ಅರ್ಧ ರಕ್ತ ಪರೀಕ್ಷೆಗೆ. ಈಗ ಸಣ್ಣ ಗುಂಪುಗಳಿಗೆ ತಟ್ಟೆ ನೋಡಿ, ಕುರ್ಚಿ ವ್ಯಾಯಾಮ ಕಲಿಸಿ ಶುಲ್ಕ ತಗೊಳ್ಳುತ್ತೇನೆ. ಕಾಯಿಲೆ, ಮಾತ್ರೆ ಇರುವವರನ್ನು ಡಯಟೀಷಿಯನ್ ಹತ್ತಿರ ಕಳಿಸುತ್ತೇನೆ. ಹೋದ ನಲವತ್ತರಲ್ಲಿ ಮೂವತ್ತು ವಾಪಸ್ ಬಂದಿದೆ.

ಪ್ರಾಯೋಜಕರನ್ನು ಪೂರ್ತಿ ಬಿಟ್ಟೆ ಅಂತಲ್ಲ. ಈಗ ಯಾರೇ ಬಂದರೂ ಮೂರು ಪ್ರಶ್ನೆ ಕೇಳುತ್ತೇನೆ. ನನಗೆ ಕಳಿಸುವ ಇದೇ ಬ್ಯಾಚ್ ನಂಬರಿನ ಲ್ಯಾಬ್ ವರದಿ ಕೊಡುತ್ತೀರಾ? ಎನ್‌ಎಸ್‌ಎಫ್, ಯುಎಸ್‌ಪಿ, ಇನ್ಫಾರ್ಮ್ಡ್ ಸ್ಪೋರ್ಟ್, ಇಂಥ ಹೊರಗಿನವರ ಮುದ್ರೆ ಯಾವುದಾದರೂ ಇದೆಯಾ? ಈ ಎರಡಕ್ಕೇ ಹತ್ತರಲ್ಲಿ ಏಳು ಜನ ಮತ್ತೆ ಉತ್ತರ ಬರೆಯುವುದಿಲ್ಲ. ಮೂರನೇ ಪ್ರಶ್ನೆ ಇಲ್ಲಿ ಬರೆಯುವುದಿಲ್ಲ. ಬರೆದರೆ ಅದಕ್ಕೂ ಉತ್ತರ ಬಾಯಿಪಾಠ ಮಾಡಿಕೊಂಡು ಬರುತ್ತಾರೆ.

ಸದ್ಯ ಎರಡು ಪ್ರಯೋಗ ನಡೆಯುತ್ತಿವೆ. ರಾತ್ರಿ ಊಟವನ್ನು ಒಂದೂವರೆ ಗಂಟೆ ಮುಂಚೆ ಮಾಡುವುದು. ಮನೆಯವರು ಇನ್ನೂ ಒಪ್ಪಿಲ್ಲ, ಒಬ್ಬಳೇ ಕೂತು ತಿನ್ನುತ್ತಿದ್ದೇನೆ. ಇನ್ನೊಂದು, ವಾರಕ್ಕೆ ಮೂರನೇ ಶಕ್ತಿ ವ್ಯಾಯಾಮದ ದಿನ ಸೇರಿಸಿದರೆ ಕೆಟ್ಟ ದಿನಗಳಲ್ಲಿ ಅದು ಉಳಿಯುತ್ತದಾ ಅಂತ. ಮೊದಲ ತಿಂಗಳು ನೋಡಿದರೆ ಉಳಿಯುವ ಲಕ್ಷಣ ಇಲ್ಲ. ಇನ್ನೊಂದು ತಿಂಗಳು ನೋಡಿ ಬಿಡುತ್ತೇನೆ.